ನೀರಾಗ ಇಟ್ಟ ದೇವರು

ನಮ್ಮ ಮನಿ ದೇವರನ್ನ ನಾನು ಎರಡು ವರ್ಷ ಎಂಟು ತಿಂಗಳು ನೀರಾಗ ಮುಳುಗಿಸಿ ಇಟ್ಟಿದ್ದೆ. ಮಾತಿಗೆ ಹೇಳೂದಲ್ಲ, ಖರೇನ. ಒಂದು ತಾಮ್ರದ ತಂಬಿಗಿ, ಅದರ ತುಂಬ ನೀರು, ತಳದಾಗ ಹೆಬ್ಬೆರಳಷ್ಟು ವೆಂಕಟರಮಣ, ಮ್ಯಾಲೊಂದು ಸ್ಟೀಲಿನ ಮುಚ್ಚಳ. ಕೇಳಿದವರು ನಗ್ತಾರ, ಇಲ್ಲಾ "ಅಯ್ಯ, ಪಾಪ" ಅಂತಾರ. ನನಗ ಎರಡೂ ಬ್ಯಾಡ. ಸುಮ್ನ ಕೂತು ಕೇಳ್ರಿ, ಅಷ್ಟ ಸಾಕು.

ಮೊದಲ ನಮ್ಮನಿಯವರ ಬಗ್ಗೆ ಹೇಳಬೇಕು. ಇವರು ಪುಣೇದ ಮಾರ್ಕೆಟ್ ಯಾರ್ಡ್ ಹತ್ತಿರ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಬುಕಿಂಗ್ ಕ್ಲಾರ್ಕ್ ಇದ್ರು. ಲಾರಿ ಎಲ್ಲೆ ಬಂತು, ಮಾಲು ಯಾವಾಗ ಇಳೀತದ, ಡ್ರೈವರ್ ಯಾಕ ಫೋನ್ ಎತ್ತವಲ್ಲ, ಮುಂಜಾನಿಂದ ಸಂಜಿತನಕ ಮಾತು, ಮಾತು, ಮಾತು. ಸೊಲ್ಲಾಪುರದವನ ಜೋಡಿ ಕನ್ನಡ, ಇಂದಾಪುರದವನ ಜೋಡಿ ಮರಾಠಿ, ಅದರಾಚೆ ಯಾವನರೆ ಇರ್ಲಿ ಅವನ ಜೋಡಿ ಹಿಂದಿ. ಮನಿಗೆ ಬಂದ ಮ್ಯಾಲೂ ಬಾಯಿ ನಿಲ್ತಿದ್ದಿಲ್ಲ. ಪೇಪರ್ ಓದಿದ್ರ ಪೇಪರಿನ ಜೋಡಿ ಜಗಳ, ಟಿ.ವಿ. ಹಚ್ಚಿದ್ರ ಟಿ.ವಿ. ಜೋಡಿ. "ಒಂದೀಟು ಸುಮ್ನ ಕೂಡ್ರಿ, ನನ್ನ ತಲಿ ಚಿಟ್ಟ್ ಹಿಡೀತು" ಅಂತ ದಿನಕ್ಕ ಹತ್ತು ಸಲ ಅಂದೀನಿ. ದೇವರು ಅದನ್ನ ಕೇಳಿಸಿಕೊಂಡಿರಬೇಕು. ಬ್ಯಾರೆ ಏನೂ ಕೇಳಿಸದಾಂವಗ ಇದೊಂದು ಸರಿಯಾಗಿ ಕೇಳಿಸ್ತು ನೋಡ್ರಿ.

ಇವರು ಪೂಜಿ ಮಾಡೂದೂ ಹಂಗ, ಗದ್ದಲದ ಪೂಜಿ. ಮುಂಜಾನಿ ಏಳಕ್ಕ ಸ್ನಾನ ಮಾಡಿ ಮಡಿ ಉಟ್ಟು ದೇವರ ಮುಂದ ಕೂತ್ರ ಇಪ್ಪತ್ತು ಮಿನಿಟು. ನಮ್ಮಲ್ಲೆ ಪೂಜಿ ಸುರು ಆಗೂದು ದೇವರ ಇಪ್ಪತ್ನಾಲ್ಕು ಹೆಸರಿನಿಂದ. ಕೇಶವಾಯ ನಮಃ, ನಾರಾಯಣಾಯ ನಮಃ, ಮಾಧವಾಯ ನಮಃ ಅಂತ ಸುರು ಆಗಿ ಶ್ರೀಕೃಷ್ಣಗ ಮುಗೀತದ. ಏಳು ವರ್ಷದ ಹುಡುಗ ಇದ್ದಾಗ ಮುಂಜಿವಿ ಮಾಡಿ ಬಾಯಿಪಾಠ ಮಾಡಿಸಿದ್ದು, ಒಂದು ದಿನ ತಪ್ಪಿಸಿದವರಲ್ಲ. ಆದ್ರ ಒಂದೇ ಓಟಕ್ಕ ಮುಗಿಸಿದವರೂ ಅಲ್ಲ. ದೇವರ ಮಂಟಪಕ್ಕೂ ಅಡಿಗಿಮನಿಗೂ ನಡುವ ಒಂದ ಗ್ವಾಡಿ. ಗೋವಿಂದಾಯ ನಮಃ, ವಿಷ್ಣವೇ ನಮಃ ಅನ್ನೋದರೊಳಗ ನಾನು ಇಟ್ಟ ಹಾಲು ಏರಿ ಬರ್ತಿತ್ತು, ಇವರಿಗೆ ಮೂಗಿಗೆ ಗೊತ್ತಾಗ್ತಿತ್ತು. ನನ್ನ ಹೆಸರು ಹಿಡದು "ಏ, ಹಾಲು ಉಕ್ಕಲಿಕ್ಕತ್ತದ!" ಅಂತ ಒದರಿ, ಮತ್ತ ಮಧುಸೂದನಾಯ ನಮಃ ಅಂತ ಮುಂದ ಹೋಗ್ತಿದ್ರು. ವಿಷ್ಣುವಿಗೂ ಮಧುಸೂದನಗೂ ನಡುವ ದಿನಾ ನನ್ನ ಹೆಸರು.

"ದೇವರ ಹೆಸರಿನ ನಡುವ ನನ್ನನ್ನ ಯಾಕ ತುರುಕ್ತೀರಿ, ಪಾಪ ಬರ್ತದ" ಅಂತ ನಾನು ಬೈತಿದ್ದೆ.

"ಆ ಹೆಸರು ಇಟ್ಟವ ಯಾರು? ನಾನ ಅಲ್ಲೇನ? ಇಟ್ಟಾಂವ ಎಲ್ಲೆ ಬೇಕಾದಲ್ಲೆ ಕರೀತಾನ" ಅಂತಿದ್ರು.

ಅದೂ ಖರೇನ. ನಮ್ಮ ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಉಂಗುರದ ತುದಿಯಿಂದ ಇವರು ಬರದ ಹೆಸರು ಅದು. ತೌರುಮನಿ ಹೆಸರು ವಿಜಯಪುರದ ಕಡೆ ಉಳೀತು, ಈ ಹೆಸರು ಹೊತ್ತು ನಾನು ಪುಣೇಕ ಬಂದೆ. ಅತ್ತಿ ಮಾವ ಹೋದ ಮ್ಯಾಲೆ ಆ ಹೆಸರಿನಿಂದ ನನ್ನ ಕರಿಯೋರು ಇವರೊಬ್ಬರ ಉಳದ್ರು. ಬಾಕಿ ಎಲ್ಲಾರಿಗೂ ನಾನು ಕಾಕು, ಅವ್ವ, ಅಜ್ಜಿ.

ಒಂದು ಮುಂಜಾನಿ ಪೂಜಿ ಮುಗಿಸಿ, ನನಗ ತೀರ್ಥ ಕೊಟ್ಟು, ಅವಲಕ್ಕಿ ತಿನ್ನಲಿಕ್ಕೆ ಕೂತಿದ್ರು. ಕೈಯಾಗಿನ ಚಮಚ ಬಿತ್ತು. ನಾನು ಎತ್ತಿ ಕೊಟ್ಟೆ, ಮತ್ತ ಬಿತ್ತು. "ಏನ್ರೀ, ಚ್ಯಾಷ್ಟಿ ಮಾಡ್ತೀರೇನು" ಅಂದೆ. ಹೊಳ್ಳಿ ನೋಡಿದ್ರು. ಬಾಯಿಯ ಒಂದು ಬಾಜು ಕೆಳಗ ಇಳದಿತ್ತು. ಏನೋ ಹೇಳಲಿಕ್ಕೆ ಹೋದ್ರು, "ಆಂ" ಅಂತ ಬಂತು. ಮತ್ತ "ಆಂ". ಇವರಿಗೆ ಇವರ ದನಿ ಕೇಳಿ ಗಾಬರಿ ಆತು. ಆ ಕಣ್ಣು ನಾನು ಇನ್ನೂ ಮರತಿಲ್ಲ.

ಹದಿನೆಂಟು ದಿನ ದವಾಖಾನಿ. ಲಕ್ವಾ ಹೊಡದಿತ್ತು, ಬಲಗೈ ಬಲಗಾಲು ಹೋಗಿದ್ವು. ಕಾಲು ನಿಧಾನ ತಿರುಗಿ ಬಂತು, ಕೋಲು ಹಿಡದು ನಡದಾಡೋ ಹಂಗಾದ್ರು. ಕೈ ಬರಲಿಲ್ಲ. ಮಾತಂತೂ ಬರಲಿಲ್ಲ. ಡಾಕ್ಟರು, "ಅವರಿಗೆ ಎಲ್ಲಾ ತಿಳೀತದ್ರಿ, ಹೇಳಲಿಕ್ಕೆ ಶಬ್ದ ಸಿಗೂದಿಲ್ಲ ಅಷ್ಟ. ಕಾಯಬೇಕು" ಅಂದ್ರು. ಎಷ್ಟು ದಿನ ಕಾಯಬೇಕು ಅಂದ್ರ ಅವರೂ ಮ್ಯಾಲೆ ಕೈ ತೋರಿಸಿದ್ರು. ಅಲ್ರೀ, ಅಷ್ಟು ಓದಿದವರು ಮ್ಯಾಲೆ ಕೈ ತೋರಿಸಿದ್ರ ನನ್ನಂಥಾಕಿ ಯಾವ ಕಡೆ ತೋರಿಸಬೇಕು?

ಧನಕವಡಿಯೊಳಗ ನಮ್ಮ ಎದುರು ಮನ್ಯಾಗ ಒಬ್ಬ ಮರಾಠಿ ಕಾಕು ಇದ್ದಾಳ. ಭಾಳ ಛೊಲೋ ಹೆಂಗಸು, ಅದರಾಗ ಎರಡು ಮಾತಿಲ್ಲ. ಹದಿನೆಂಟೂ ದಿನ ದವಾಖಾನಿಗೆ ಡಬ್ಬಿ ಕಳಿಸಿದಾಕಿ. ನಾವು ಮನಿಗೆ ಬಂದ ಮರುದಿನ ಬಂದು, ಇವರನ್ನ ನೋಡಿ, ನನ್ನ ಕೈ ಹಿಡದು ಒಳಗ ಕರಕೊಂಡು ಹೋಗಿ, ದನಿ ಸಣ್ಣದು ಮಾಡಿ ಹೇಳಿದ್ಲು, "ದೇವ ಪಾಣ್ಯಾತ ಠೇವಾ." ದೇವರನ್ನ ನೀರಾಗ ಇಡು.

ಮಾತು ಕೇಳಿದ್ದೆ. ನಮ್ಮ ಕಡೆನೂ ಹಳೇ ಹೆಂಗಸರು ಆಡ್ತಿದ್ರು, ಮಾಡಿದವರನ್ನ ನೋಡಿದ್ದಿಲ್ಲ. ಕಾಕು ತಾನ ಮಾಡಿದ್ಲಂತ. ಅಕಿ ಗಂಡನ ಆಪರೇಶನ್ ಆದಾಗ ಗಣಪತಿನ್ನ ಒಂಬತ್ತು ದಿನ ನೀರಾಗ ಇಟ್ಟಿದ್ಲು, ಹತ್ತನೇ ದಿನ ಗಂಡ ನಡಕೋತ ಮನಿಗೆ ಬಂದ. ಪದ್ಧತಿ ಹಿಂಗ: ಏನು ಬೇಕು ಅಂತ ಬಾಯಿಬಿಟ್ಟು ಹೇಳಿ ಮುಳುಗಿಸಬೇಕು. ದೇವರಿಗೆ ಉಸಿರು ಕಟ್ಟಿ ಲಗೂನ ಕೆಲಸ ಮಾಡ್ತಾನ. ಕೆಲಸ ಆದ ಮ್ಯಾಲೆ ಹೊರಗ ತಗದು, ಒರಸಿ, ಪೂಜಿ ಮಾಡಿ, ಪೇಢೆ ಹಂಚಬೇಕು. ಆಗೋತನಕ ತಗೀಬಾರದು, ಯಾರೂ ಮುಟ್ಟಲೂಬಾರದು. ತಗದ್ರ ಕೇಳಿದ್ದು ಹೋತು.

"ಆಗಲೇ ಇಲ್ಲಂದ್ರ?" ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಮ್ಮ ಮನ್ಯಾಗ ಹೆಂಗಸರು ದೇವರನ್ನ ಮುಟ್ಟೂದಿಲ್ಲ. ಬತ್ತಿ ಹೊಸಿ, ಹೂವು ಏರಿಸು, ಗಂಧ ತೇಯಿ, ಉಪಕರಣಿ ತಿಕ್ಕು, ರಂಗೋಲಿ ಹಾಕು, ಎಲ್ಲಾ ಮಾಡು, ಮುಟ್ಟಬ್ಯಾಡ. ಮೂವತ್ನಾಲ್ಕು ವರ್ಷ ಆ ವೆಂಕಟರಮಣನ್ನ ನಾನು ಒಂದು ಮಾರು ದೂರದಿಂದನ ನೋಡಿದಾಕಿ. ಹದಿನೆಂಟು ದಿನ ಯಾರೂ ಇಲ್ಲದ ಮನ್ಯಾಗ ಅವನ ತಲಿ ಮ್ಯಾಲಿನ ತುಳಸಿ ಒಣಗಿ ಕರ್ರಗಾಗಿತ್ತು. ನಮಗ ಗಂಡು ಮಕ್ಕಳಿಲ್ಲ, ಇರೂದು ಒಬ್ಬ ಮಗಳು, ಪುಣೇದ ಆಚಿ ತುದಿಗೆ ಖರಾಡಿಯೊಳಗ ಸಂಸಾರ ಮಾಡ್ಕೊಂಡಿದ್ದಾಳ. ಪೂಜಿ ಮಾಡೋರು ಮತ್ತ ಯಾರು? ನಾನು ಸ್ನಾನ ಮಾಡಿ ಬಂದು ಕೈ ಚಾಚಿ ಅವನ್ನ ಹಿಡದೆ. ನಾ ತಿಳಕೊಂಡಷ್ಟು ಹಗುರ ಇದ್ದಿಲ್ಲ. ಮೊದಲನೇ ಸಲ ಮುಟ್ಟಿದ್ದು, ಅದೂ ಮುಳುಗಿಸಲಿಕ್ಕೆ.

"ಇವರ ಬಾಯಿಂದ ಮಾತು ಬರಬೇಕು. ಬರೋತನಕ ನೀ ಇಲ್ಲೇ" ಅಂದೆ. ಅಷ್ಟ ಅಂದಿದ್ದು ನಾನು. ಬರಕೊಳ್ರಿ ಬೇಕಾದ್ರ.

ಮೊದಲಿನ ಆರು ತಿಂಗಳು ನನ್ನ ನಂಬಿಕಿ ನೋಡಬೇಕಿತ್ತು ನೀವು. ದಿನಾ ಮುಂಜಾನಿ ಮುಚ್ಚಳ ತಗದು, ಮ್ಯಾಲಿನ ನೀರು ಚೆಲ್ಲಿ, ಹೊಸಾ ನೀರು ಹಾಕಿ, "ಏನಪಾ, ಇವತ್ತರೆ?" ಅಂತ ಕೇಳಿ, ಇವರ ಮುಂದ ಚಹಾ ಇಟ್ಟು ಬಾಯಿ ನೋಡ್ಕೋತ ಕೂಡ್ತಿದ್ದೆ. "ಆಂ" ಅಂತಿದ್ರು. ಇರ್ಲಿ, ನಾಳೆ ಅಂತಿದ್ದೆ. ಮನಿಗೆ ಬಂದವರೆಲ್ಲ, "ದೇವರು ಪರೀಕ್ಷಾ ತಗೊಳ್ಳಿಕ್ಕತ್ತಾನ್ರಿ, ನಂಬಿಕಿ ಬಿಡಬ್ಯಾಡ್ರಿ" ಅಂತ ಹೇಳಿ, ಚಹಾ ಕುಡದು, ತಮ್ಮ ಮಾತಾಡೋ ಗಂಡಂದಿರನ್ನ ಕರಕೊಂಡು ಹೋಗ್ತಿದ್ರು. ನನಗ ಮೈಯೆಲ್ಲ ಉರೀತಿತ್ತು. ಪರೀಕ್ಷಾ ತಗೊಳ್ಳೋ ಮಾಸ್ತರ ಪ್ರಶ್ನಾ ಆದರೂ ಹೇಳ್ತಾನೋ ಇಲ್ಲೋ? ನನಗ ಪ್ರಶ್ನಾನ ಗೊತ್ತಿಲ್ಲ, ಉತ್ತರ ಏನಂತ ಬರೀಲಿ?

ಆ ದಿನದಾಗ ಹತ್ತಿರದ ದವಾಖಾನ್ಯಾಗ ಮಾತು ಕಲಿಸೋದಕ್ಕೂ ಹೋಗಿದ್ವಿ. ಒಬ್ಬ ಹುಡುಗಿ ಚಿತ್ರದ ಕಾರ್ಡ್ ತೋರಿಸ್ತಿದ್ಲು. ಬಾಳಿಹಣ್ಣು. ಬಾಚಣಿಗಿ. ಚಹಾದ ಕಪ್ಪು. ಮೂರು ಭಾಷಾದಾಗ ಲಾರಿ ಓಡಿಸಿದ ಮನುಷ್ಯಾಗ ಬಾಳಿಹಣ್ಣು ತೋರಿಸಿ "ಇದು ಏನ್ರಿ ಕಾಕಾ?" ಅಂತ ಕೇಳಿದ್ರ ಹೆಂಗಾಗಬ್ಯಾಡ? ಐದನೇ ದಿನ ಇವರು ಕಾರ್ಡ್ ಕಸಗೊಂಡು ಒಗದು, ಟೇಬಲ್ ಮ್ಯಾಲೆ ತಲಿ ಇಟ್ಟು ಅತ್ತುಬಿಟ್ರು. ನಾನು ಆವತ್ತ ಕರಕೊಂಡು ಬಂದವಳು ಮತ್ತ ಹೋಗಲಿಲ್ಲ. ಮಗಳು ಫೋನಿನ್ಯಾಗ, "ಬಿಡಬ್ಯಾಡ ಅವ್ವಾ, ಮೊದಲನೇ ವರ್ಷ ಭಾಳ ಮುಖ್ಯ ಅಂತಾರ" ಅಂತ ಬಡಕೊಂಡ್ಲು. "ನನ್ನ ದೇವರು ಮಾಡ್ತಾನ, ಬಾಳಿಹಣ್ಣು ಏನು ಮಾಡ್ತದ" ಅಂದೆ. ಎಂಥಾ ಸೊಕ್ಕು ನೋಡ್ರಿ. ಅದಕ್ಕ ನಾನು ಭಕ್ತಿ ಅಂತ ಹೆಸರಿಟ್ಟಿದ್ದೆ.

ಇನ್ನೊಂದು ಮಾತು ಹೇಳಬೇಕು, ಹೇಳಲಿಕ್ಕೆ ಬಾಯಿ ಬರೂದಿಲ್ಲ. ದಿನಾ ಮುಂಜಾನಿ ಸ್ನಾನ ಆದ ಕೂಡಲೆ ಇವರು ಕೋಲು ಊರ್ಕೋತ ಮಂಟಪದ ಮುಂದ ಬಂದು ನಿಲ್ತಿದ್ರು. ಎಡಗೈ ತಂಬಿಗಿ ಕಡೆ ಚಾಚ್ತಿದ್ರು, "ಆಂ, ಆಂ" ಅಂತಿದ್ರು. ನೀರಡಿಸ್ಯಾವ ಅಂತ ನಾನು ನೀರು ಕೊಟ್ರ ದೂಡ್ತಿದ್ರು. ಒಮ್ಮೆ ಮುಚ್ಚಳ ತಗದಬಿಟ್ಟಿದ್ರು, ಬೆರಳು ನೀರಾಗ ಹೋಗಿದ್ವು. ನಾನು ಅಡಿಗಿಮನಿಂದ ಓಡಿ ಬಂದು, "ಮುಟ್ಟಬ್ಯಾಡ್ರಿ! ನಿಮ್ಮ ಸಲುವಾಗಿನ ಇಟ್ಟೀನಿ, ನೀವ ಕೆಡಸ್ತೀರೇನು!" ಅಂತ ಒದರಿ ಕೈ ಹಿಡದು ಜಗ್ಗಿದೆ. ಮನುಷ್ಯಾ ತೂಕ ತಪ್ಪಿ ಗ್ವಾಡಿಗೆ ಹೋಗಿ ಬಡದ್ರು. ಆವತ್ತ ತಂಬಿಗಿ ಎತ್ತಿ ಕಪಾಟಿನ ನೆತ್ತಿ ಮ್ಯಾಲೆ ಇಟ್ಟೆ, ಇವರ ಕೈಗೆ ಸಿಗಬಾರದು ಅಂತ. ಸ್ಟೂಲ್ ಹತ್ತಿ ನೀರು ಬದಲು ಮಾಡ್ತಿದ್ದೆ. ಇವರು ಆಮ್ಯಾಲೂ ಒಂದಿಷ್ಟು ದಿನ ಖಾಲಿ ಮಂಟಪದ ಮುಂದ ಬಂದು ನಿಂತು ಮ್ಯಾಲೆ ನೋಡ್ತಿದ್ರು. ಆಮ್ಯಾಲೆ ಬರೂದು ಬಿಟ್ರು.

ಒಂದು ವರ್ಷ ಆತು, ಎರಡು ಆತು. ನನ್ನ ನಂಬಿಕಿ ಹೋಗಿ ಸಿಟ್ಟು ಬಂದು ಕೂತಿತ್ತು. ನೀರು ಹಾಕೋವಾಗ ಬೈತಿದ್ದೆ. "ಕಲ್ಲು ಆದ್ರ ಇಷ್ಟೊತ್ತಿಗೆ ಕರಗಿರ್ತಿತ್ತು, ನೀ ಯಾವ ಲೋಹದಾಂವ ಮಾರಾಯಾ?" ಅಂತಿದ್ದೆ. "ಆಗೂದಿಲ್ಲ ಅಂತರೆ ಹೇಳು, ಬಿಟ್ಟುಬಿಡ್ತೀನಿ" ಅಂತಿದ್ದೆ. ಅದಕ್ಕೂ ಸುಮ್ನ. ಮನ್ಯಾಗ ಇಬ್ಬರು ಗಂಡಸರು, ಒಬ್ಬರು ಖುರ್ಚಿ ಮ್ಯಾಲೆ, ಒಬ್ಬಾಂವ ಕಪಾಟಿನ ಮ್ಯಾಲೆ, ಇಬ್ಬರ ಬಾಯಿಗೂ ಬೀಗ. ನಾನೊಬ್ಬಾಕಿ ಗ್ವಾಡಿಗೆ ಮಾತಾಡ್ಕೋತ ತಿರುಗ್ತಿದ್ದೆ. ಎದುರು ಮನಿ ಕಾಕು ದೇವರ ಸುದ್ದಿ ಎತ್ತೂದು ಬಿಟ್ಟಿದ್ಲು. ಎದುರಿಗೆ ಬಂದ್ರ, "ಭಾಜಿ ಏನು ಮಾಡಿದ್ರಿ?" ಅಂತ ಕೇಳಿ ಜಾರಿಕೊಳ್ತಿದ್ಲು. ತಗದುಬಿಡಬೇಕು ಅಂತ ನನಗೂ ಸಾವಿರ ಸಲ ಅನಿಸೇದ. ಆದ್ರ ತಗದ್ರ ಏನರ್ಥ? ಇವರು ಇನ್ನ ಮಾತಾಡೂದಿಲ್ಲ ಅಂತ ನಾನ ಒಪ್ಪಿಕೊಂಡಂಗ. ಆ ನೀರಿನ್ಯಾಗ ದೇವರ ಜೋಡಿ ನನ್ನ ಆಸೆನೂ ಮುಳುಗಿ ಕೂತಿತ್ತು. ಅದಕ್ಕ ಬೈಕೋತನ ನೀರು ಹಾಕ್ತಿದ್ದೆ.

ಮೂರನೇ ವರ್ಷದಾಗ ಮಗಳು ನನ್ನ ಮಾತು ಕೇಳಲಿಲ್ಲ. ಕಾರು ತಗೊಂಡು ಬಂದು, ಅಪ್ಪನ್ನ ಎಬ್ಬಿಸಿ ಕೂಡಿಸಿಕೊಂಡು, ಖರಾಡಿಯೊಳಗ ತಮ್ಮ ಮನಿ ಹತ್ತಿರದ ಒಬ್ಬ ಮಾತಿನ ಡಾಕ್ಟರಮ್ಮನ ಕಡೆ ಕರಕೊಂಡು ಹೋದ್ಲು. ನಾನೂ ಹೋದೆ. ಸುತ್ತಲ ಗಾಜಿನ ಆಫೀಸು, ನಡುವ ಈಕಿದೊಂದು ಸಣ್ಣ ಖೋಲಿ. ಮರಾಠಿ ಹುಡುಗಿ, ಮಗಳಿಗಿಂತ ಸಣ್ಣಾಕಿ. ಬಾಳಿಹಣ್ಣು ತೋರಿಸಲಿಲ್ಲ. ಇವರ ಕಡೆ ನೋಡಿ ಕೈ ಮುಗದು, ಆಮ್ಯಾಲೆ ನನ್ನ ಕಡೆ ಹೊಳ್ಳಿ ಕೇಳಿದ್ಲು, "ಕಾಕು, ಇವರಿಗೆ ಸಣ್ಣಂದಿನಿಂದ ಬಾಯಿಪಾಠ ಇರೋದು ಏನದ? ಹಾಡು, ಮಗ್ಗಿ, ಪ್ರಾರ್ಥನಾ, ಏನರೆ ದಿನಾ ಹೇಳ್ತಿದ್ದದ್ದು?"

"ಪೂಜಿ ಮಾಡ್ತಿದ್ರು" ಅಂದೆ.

ಅಕಿ ಮುಖ ಅರಳ್ತು. ನಾವು ವಿಚಾರ ಮಾಡಿ ಆಡೋ ಮಾತು ಮೆದುಳಿನ ಒಂದು ಕಡೆ ಇರ್ತದಂತ. ಬಾಯಿಪಾಠ ಇದ್ದದ್ದು, ಕೈ ಕೆಲಸದ ಜೋಡಿ ದಿನಾ ಹೇಳಿದ್ದು, ಬ್ಯಾರೆ ಕಡೆ ಉಳದಿರ್ತದಂತ. ಎಷ್ಟೋ ಮಂದಿಗೆ ಮೊದಲ ಬರೂದು ಅದ ಅಂತ. "ಹಂಗಾದ್ರ ಈಗ ಪೂಜಿ ಮಾಡ್ತಾರಲ್ಲ? ಆವಾಗ ಏನರೆ ಶಬ್ದ ಬರ್ತದೇನು?" ಅಂತ ಕೇಳಿದ್ಲು.

ನಾನು ಸೆರಗು ಸರಿ ಮಾಡ್ಕೊಂಡೆ.

"ಇಲ್ಲರಿ, ಮಾಡೂದಿಲ್ಲ. ಬಲಗೈ ಬರೂದಿಲ್ಲಲ್ಲ" ಅಂತ ಸುಳ್ಳು ಹೇಳಿದೆ. ಬಾಜೂಕ ಕೂತ ಇವರು ನನ್ನ ಕಡೆ ನೋಡಿದ್ರು. ಎಲ್ಲಾ ತಿಳೀತದ ಅಂತ ಡಾಕ್ಟರು ಅಂದಿದ್ರಲ್ಲ, ಆ ಎಲ್ಲಾ ಆ ಕಣ್ಣಾಗ ಇತ್ತು. ನಾನು ನೆಲ ನೋಡಿದೆ.

"ಎಡಗೈಲೆ ಮಾಡ್ಲಿ, ದೇವರು ಏನೂ ಅನ್ನೂದಿಲ್ಲ" ಅಂತ ಹುಡುಗಿ ನಕ್ಕಳು.

ನಕ್ಕರ ನಗಲಿ, ಅಕಿಗೆ ಏನು ಗೊತ್ತು. ದಿನಾ ಮುಂಜಾನಿ ಕೋಲು ಊರ್ಕೋತ ಬಂದು ನಿಂತು ಕೈ ಚಾಚಿದ ಮನುಷ್ಯಾನ ಕಣ್ಣಮುಂದ ಬಂದ್ರು. ನೀರು ಕೇಳಿದ್ದಲ್ಲ, ತಂಬಿಗಿ ಕೇಳಿದ್ದಲ್ಲ. ಅಭ್ಯಾಸದ ಕೈ ಅದು, ತನ್ನ ಕೆಲಸ ಹುಡಕ್ಕೋತ ಬಂದಿತ್ತು. ಆ ಕೈ ಹಿಡದು ಜಗ್ಗಿದಾಕಿ ನಾನು. ದೇವರು ಸುಮ್ನ ಇದ್ದಾನ, ದೇವರು ಸುಮ್ನ ಇದ್ದಾನ ಅಂತ ಊರಿಗೆಲ್ಲ ಡಂಗುರ ಸಾರಿದೆ, ಅವನ ಬಾಯಿ ನೀರಾಗ ಒತ್ತಿ ಹಿಡದಾಕಿನೂ ನಾನ.

ಮನಿಗೆ ಬಂದು ತಕ್ಷಣ ಇಳಿಸಿದೆ ಅಂತ ತಿಳಕೋಬ್ಯಾಡ್ರಿ. ಹನ್ನೊಂದು ದಿನ ತಗೊಂಡೆ. ಹಟ ಅನ್ರಿ, ಹೆದರಿಕಿ ಅನ್ರಿ. ಹೊರಗ ತಗದು, ಪೂಜಿ ಮಾಡಿಸಿ, ಆಮ್ಯಾಲೂ ಬರೇ "ಆಂ" ಬಂದ್ರ? ಹಿಡಕೊಳ್ಳಲಿಕ್ಕೆ ಮತ್ತೇನು ಉಳೀತದ ನನಗ? ಹನ್ನೊಂದೂ ದಿನ ಸ್ಟೂಲ್ ಹತ್ತಿದೆ, ನೀರು ಬದಲು ಮಾಡಿದೆ, ಇಳದೆ. ಬೈಲಿಲ್ಲ ಮಾತ್ರ. ಬೈಲಿಕ್ಕೆ ಮುಖ ಇರಲಿಲ್ಲ.

ಹನ್ನೆರಡನೇ ದಿನ ತಂಬಿಗಿ ಇಳಿಸಿ ಮಂಟಪದ ಮುಂದ ಇಟ್ಟೆ. ಕೈಹಾಕಿ ತಗೀಲಿಕ್ಕೆ ನನ್ನಿಂದ ಆಗಲಿಲ್ಲ. ಬಾಜೂಕ ಹರಿವಾಣ, ಉದ್ಧರಣಿ, ಗಂಧದ ಬಟ್ಟಲು, ಕುಂಡಿಯೊಳಗಿನ ನಾಕು ಎಸಳು ತುಳಸಿ ಇಟ್ಟು, ಮುಂದ ಒಂದು ಸ್ಟೂಲ್ ಹಾಕಿ, ಇವರನ್ನ ಸ್ನಾನಕ್ಕ ಕಳಿಸಿ ಅಡಿಗಿಮನ್ಯಾಗ ಹೋಗಿ ನಿಂತೆ. ಭಕ್ಕರಿ ಬಡೀಲಿಕ್ಕೆ ಹಿಟ್ಟು ತಗೊಂಡೆ.

ಕೋಲಿನ ಸಪ್ಪಳ ಬಂತು, ನಿಂತಿತು. ಆಮ್ಯಾಲೆ ನೀರಿನ ಸಪ್ಪಳ. ನಾನು ಬಾಗಿಲ ಸಂದಿಯೊಳಗಿಂದ ನೋಡಿದೆ. ಎಡಗೈ ತಂಬಿಗ್ಯಾಗ ಹೋಗಿತ್ತು. ವೆಂಕಟರಮಣನ್ನ ತಗದ್ರು. ಕರ್ರಗಾಗಿದ್ದ, ಅಲ್ಲಲ್ಲೆ ಹಸರು ಹತ್ತಿತ್ತು, ಲೋಳಿ ಲೋಳಿ. ತೊಡಿ ಮ್ಯಾಲೆ ಇಟ್ಟುಕೊಂಡು ತಮ್ಮ ಪಂಚಿ ಚುಂಗಿನಿಂದ ಒರಸಿದ್ರು. ಮುಖ ಒರಸಿದ್ರು, ಬೆನ್ನು ಒರಸಿದ್ರು. ಮಗಳು ಕೂಸು ಇದ್ದಾಗ ಎರದ ಮ್ಯಾಲೆ ಹಂಗ ಒರಸ್ತಿದ್ರು. ಹರಿವಾಣದಾಗ ಕೂಡಿಸಿ, ಉದ್ಧರಣಿ ಎಡಗೈಲೆ ಹಿಡದು ನೀರು ಬಿಟ್ರು.

"ಕೇಶವಾಯ ನಮಃ" ಅಂದ್ರು.

ತೊದಲಲಿಲ್ಲ. ಹುಡುಕಲಿಲ್ಲ. ಆ ದನಿ, ಫೋನಿನ್ಯಾಗ ಡ್ರೈವರನ ಬೈತಿದ್ದ ದನಿ. ನಾರಾಯಣಾಯ ನಮಃ, ಮಾಧವಾಯ ನಮಃ, ಗೋವಿಂದಾಯ ನಮಃ, ಒಂದರ ಹಿಂದ ಒಂದು, ಒಂದೂ ತಪ್ಪಿಲ್ಲ, ಶ್ರೀಕೃಷ್ಣನತನಕ ಇಪ್ಪತ್ನಾಲ್ಕು. ನಾನು ಹಿಟ್ಟಿನ ಕೈಲೆ ಓಡಿ ಹೋಗಿ ಮುಂದ ಕೂತು ಮೊಣಕಾಲು ಹಿಡದು, "ಏನ್ರೀ! ನನ್ನ ಕಡೆ ನೋಡ್ರಿ! ಮಾತಾಡ್ರಿ! ನಾ ಯಾರು ಹೇಳ್ರಿ!" ಅಂತ ಅಳಕೋತ ಒದರಿದೆ.

ನೋಡಿದ್ರು. ಕಣ್ಣಾಗ ನೀರು ಬಂತು. ಬಾಯಿ ತಗದ್ರು.

"ಆಂ" ಅಂದ್ರು.

ಎದುರು ಮನಿ ಕಾಕು ಗದ್ದಲ ಕೇಳಿ ಓಡಿ ಬಂದ್ಲು. ಸುದ್ದಿ ಕೇಳಿ ಮಂಟಪದ ಮುಂದ ಅಡ್ಡ ಬಿದ್ದು, "ದೇವ ಪಾವಲಾ!" ಅಂದ್ಲು. ದೇವರು ಒಲದನಂತ. ತಾನ ಹೋಗಿ ಪೇಢೆ ತಂದು ಇಡೀ ಬಿಲ್ಡಿಂಗಿಗೆ ಹಂಚಿದ್ಲು. ನಾನೂ ಒಂದು ಬಾಯಾಗ ಹಾಕೊಂಡೆ. ಬಾಯಿಂದ ಮಾತು ಬರಲಿ ಅಂತ ಕೇಳಿದ್ದೆ. ಬಂತಲ್ಲ, ಮತ್ತೇನು? ನನ್ನ ಜೋಡಿ ಆಡೋ ಮಾತು ಬೇಕು ಅಂತ ನಾನು ಎಲ್ಲೆ ಹೇಳಿದ್ದೆ? ಕೋರ್ಟಿನ ವಕೀಲನೂ ಇಷ್ಟು ಕರಾರುವಾಕ್ಕು ಇರೂದಿಲ್ಲ.

ಖರಾಡಿ ಹುಡುಗಿಗೆ ಭಾಳ ಖುಷಿ ಆತು. ಈ ಬಾಯಿಪಾಠ ಹಿಡಕೊಂಡನ ಒಂದೊಂದು ಶಬ್ದ ಹೊರಗ ಎಳೀಬಹುದು ಅಂದ್ಲು. ಆದ್ರ ಇದನ್ನ ಮೊದಲನೇ ವರ್ಷದಾಗ ಸುರು ಮಾಡಿದ್ರ ಛೊಲೋ ಇತ್ತು, ಈಗ ಎಷ್ಟು ಬರ್ತದೋ ಹೇಳಲಿಕ್ಕೆ ಬರೂದಿಲ್ಲ ಅಂತನೂ ಅಂದ್ಲು. ವಾಪಸ್ ಬರೋವಾಗ ಮಗಳು ಕಾರು ನಡಸ್ಕೋತ, "ಅವ್ವಾ, ಅಪ್ಪಾ ಪೂಜಿ ಮಾಡ್ತೀನಿ ಅಂತ ಮೊದಲ ಎಂದೂ ಬರಲೇ ಇಲ್ಲೇನ?" ಅಂತ ಕೇಳಿದ್ಲು. ಇವರು ಮುಂದಿನ ಸೀಟಿನ್ಯಾಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ರು. ಇಲ್ಲ ಅಂದೆ. ಈಗ ನಿಮ್ಮ ಮುಂದ ಹೇಳಿದ್ದ ನನ್ನ ಮೊದಲನೇ ಒಪ್ಪಿಗಿ. ಮಗಳ ಕಿವಿಗೆ ಬಿದ್ರ ಬೀಳಲಿ.

ಈಗ ದಿನಾ ಪೂಜಿ ನಡೀತದ. ವೆಂಕಟರಮಣನ್ನ ಹುಣಸಿಹಣ್ಣು ಹಚ್ಚಿ ತಿಕ್ಕಿ ಬೆಳ್ಳಗ ಮಾಡ್ಯಾರ, ಒಂದೆರಡು ಕಲಿ ಮಾತ್ರ ಹೋಗಿಲ್ಲ. ಪೂಜಿ ಆದ ಮ್ಯಾಲೆ ಎಡಗೈಲೆ ತೀರ್ಥ ಕೊಡ್ತಾರ. ಎಡಗೈ ತೀರ್ಥ ನಮ್ಮಲ್ಲೆ ಯಾರೂ ತಗೊಳ್ಳೂದಿಲ್ಲ, ನಾನು ತಗೋತೀನಿ. ಆಮ್ಯಾಲೆ ಇಡೀ ದಿನ "ಆಂ". ನಡುನಡುವ ಏನೋ ಒಂದು ಶಬ್ದ ಬಂದಂಗ ಆಗ್ತದ, ಹೋಗ್ತದ. ದೇವರು ನನ್ನ ಜೋಡಿ ಮಾತಾಡೂದಿಲ್ಲ, ಗಂಡ ನನ್ನ ಜೋಡಿ ಮಾತಾಡೂದಿಲ್ಲ, ಅವರಿಬ್ಬರು ಮಾತ್ರ ದಿನಾ ಮುಂಜಾನಿ ಏಳಕ್ಕ ಸರಿಯಾಗಿ ಕೂತು ಮಾತಾಡ್ತಾರ. ನನಗ ಹೊಟ್ಟಿಕಿಚ್ಚು ಆಗ್ತದ್ರಿ. ಸುಳ್ಳು ಯಾಕ ಹೇಳ್ಲಿ. ದೇವರ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟವರನ್ನ ನೀವು ನೋಡಿರಲಿಕ್ಕಿಲ್ಲ.

ಇನ್ನ ಅವನ್ನ ಏನೂ ಕೇಳೂದಿಲ್ಲ ಅಂತ ಆಣಿ ಮಾಡಿದ್ದೆ. ಹೋದ ವಾರ ಒಂದು ಮುಂಜಾನಿ ಏನು ಬುದ್ಧಿ ಬಂತೋ, ಬೇಕಂತನ ಗ್ಯಾಸ್ ದೊಡ್ಡದು ಮಾಡಿ ಹಾಲು ಇಟ್ಟು, ಬಾಗಿಲಕ್ಕ ಬಂದು ನಿಂತೆ. ಗೋವಿಂದಾಯ ನಮಃ ಅಂದ್ರು. ಹಾಲು ಏರ್ತು. ವಿಷ್ಣವೇ ನಮಃ ಅಂದ್ರು. ಹಾಲು ಉಕ್ಕಿ ಬರ್ನರ್ ಮ್ಯಾಲೆ ಹರೀತು, ಚುಂಯ್ ಅಂತು, ಸುಟ್ಟ ವಾಸನಿ ಮನಿ ತುಂಬಿತು. ನಾನು ಅಲಗಲಿಲ್ಲ.

ಇವರು ನಿಂತ್ರು. ಉದ್ಧರಣಿ ಹಿಡದ ಕೈ ಅಲ್ಲೇ ಉಳೀತು. ಮೂಗು ಅರಳ್ತು. ಅಡಿಗಿಮನಿ ಕಡೆ ಹೊಳ್ಳಿದ್ರು, ತುಟಿ ಅಲಗಿದ್ವು, ನಾಲಿಗಿ ಹಲ್ಲಿಗೆ ಹತ್ತಿದ್ದು ನನಗ ಕಾಣಿಸ್ತು. ನನ್ನ ಹೆಸರಿನ ಮೊದಲನೇ ಅಕ್ಷರ ಹಂಗ ಸುರು ಆಗ್ತದ. ಹರಿವಾಣದಾಗ ಒದ್ದಿ ಮೈಲೆ ಕೂತಾಂವನ ಕಡೆ ನೋಡಿ, ಆಣಿ ಗೀಣಿ ಎಲ್ಲಾ ಮರತು, ಇದೊಂದು, ಇದೊಂದು ಸಲ ಅಂದೆ.

"ಮಧುಸೂದನಾಯ ನಮಃ" ಅಂದ್ರು.

ಒಳಗ ಹೋಗಿ ಗ್ಯಾಸ್ ಬಂದ್ ಮಾಡಿ ಕಟ್ಟಿ ಒರಸಿದೆ. ಸಂಜಿಮುಂದ ಹಾಲಿನಾಂವ ಬಂದಾಗ, ನಾಳೆಯಿಂದ ದಿನಾ ಒಂದು ಪಾಕೀಟು ಹೆಚ್ಚಿಗಿ ಹಾಕು ಅಂತ ಹೇಳಿದೆ.